ಆಗಸ್ಟ್ 15ರಂದು ಹುಟ್ಟಿದ ಗಣಿಯ ಹುಡುಗ

ಸಂಗೊಳ್ಳಿ ರಾಯಣ್ಣ ಹುಟ್ಟಿದ್ದು ಆಗಸ್ಟ್ 15, ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದ್ದು ಜನವರಿ 26. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯಲ್ಲಿ ಶಾಲೆಯ ಮೆಟ್ಟಿಲು ಹತ್ತಿದ ಮಕ್ಕಳಿಗೆಲ್ಲ ಈ ಎರಡು ತಾರೀಖು ಬಾಯಿಪಾಠ. ಅದೇ ಆಗಸ್ಟ್ 15ರಂದು, ರಾಯಣ್ಣನಿಗಿಂತ 58 ವರ್ಷ ತಡವಾಗಿ, 1856ರಲ್ಲಿ, ಸ್ಕಾಟ್ಲೆಂಡಿನ ಲ್ಯಾನಾರ್ಕ್‌ಶೈರಿನ ಒಂದು ಪುಟ್ಟ ಮನೆಯಲ್ಲಿ ಇನ್ನೊಬ್ಬ ಹುಡುಗ ಹುಟ್ಟಿದ. ಯಾರ ಆಳ್ವಿಕೆ ರಾಯಣ್ಣನ ಕೊರಳಿಗೆ ಹಗ್ಗ ಹಾಕಿತೋ, ಆ ದೇಶದ ಸಂಸತ್ತಿನಲ್ಲೇ ನಿಂತು ಬಡವರ ಪರವಾಗಿ, ಮುಂದೆ ಭಾರತದ ಪರವಾಗಿಯೂ ಮಾತಾಡಿದ ಕೀರ್ ಹಾರ್ಡಿ ಅವನು. ಈ ಉಪನ್ಯಾಸ ಮಾಲೆಯಲ್ಲಿ ಇಂದು ಆ ಗಣಿ ಕೂಲಿಕಾರನ ಕಥೆ.

ತಾಯಿ ಮೇರಿ ಕೀರ್ ಹೊಲಮನೆಗಳಲ್ಲಿ ಆಳಾಗಿ ದುಡಿದವಳು. ಮಲತಂದೆ ಹಡಗು ಕಟ್ಟುವ ಬಡಗಿ. ಹುಡುಗ ಶಾಲೆಗೆ ಹೋಗಲಿಲ್ಲ. ಓದಲು ಕಲಿಸಿದವಳು ತಾಯಿ. ಏಳೆಂಟು ವರ್ಷಕ್ಕೇ ದುಡಿಮೆಗೆ ನಿಂತ. ಗ್ಲಾಸ್ಗೋದ ಒಂದು ಬ್ರೆಡ್ಡಿನ ಅಂಗಡಿಯಲ್ಲಿದ್ದಾಗ ಮನೆಯಲ್ಲಿ ಮಲತಂದೆಗೆ ಕೆಲಸವಿಲ್ಲ, ತಮ್ಮನಿಗೆ ಜ್ವರ, ತಾಯಿ ಬಸುರಿ. ಅವರ ಆರೈಕೆಯಲ್ಲಿ ಹೊತ್ತು ಮೀರಿ, ಬೆಳಿಗ್ಗೆ ತಡವಾಗಿ ಹೋದ. ನಾಷ್ಟಾಕ್ಕೆ ಕುಳಿತಿದ್ದ ಮಾಲೀಕ ಅಲ್ಲೇ ಕೆಲಸದಿಂದ ತೆಗೆದ, ಬರಬೇಕಾದ ಪಗಾರವನ್ನೂ ಹಿಡಿದ. ಈ ಪ್ರಸಂಗವನ್ನು ಹಾರ್ಡಿ ಮುಂದೆ ತಾವೇ ಬರೆದಿದ್ದಾರೆ.

ಹತ್ತನೆಯ ವರ್ಷಕ್ಕೆ ಗಣಿಗಿಳಿದ. ಕೆಲಸ ಬಾಗಿಲು ಕಾಯುವುದು. ನೆಲದೊಳಗೆ ಗಾಳಿ ದಾರಿ ತಪ್ಪದಂತೆ ಸುರಂಗಕ್ಕೆ ಮರದ ಬಾಗಿಲು ಹಾಕಿರುತ್ತಿದ್ದರು; ಕಲ್ಲಿದ್ದಲ ಬಂಡಿ ಬಂದಾಗ ತೆರೆಯಬೇಕಿತ್ತು, ಹೋದ ಕೂಡಲೇ ಮುಚ್ಚಬೇಕಿತ್ತು. ಮುಚ್ಚಲು ಮರೆತರೆ ಒಳಗಿದ್ದವರಿಗೆ ಉಸಿರಿಲ್ಲ. ರಾಮದುರ್ಗ, ಸುರೇಬಾನದ ಮಗ್ಗದ ಮನೆಗಳಲ್ಲಿ ಕಂಡಿಕೆ ಸುತ್ತುತ್ತ ಬೆಳೆದ ಹಿರಿಯರಿಗೆ ಮಕ್ಕಳ ದುಡಿಮೆ ಹೊಸ ಮಾತಲ್ಲ. ಆದರೆ ಅಲ್ಲಿ ಅವ್ವ ಎದುರಿಗಿರುತ್ತಿದ್ದಳು, ಕಿಟಕಿಯಿಂದ ಬೆಳಕು ಬರುತ್ತಿತ್ತು. ಈ ಹುಡುಗ ಕತ್ತಲಲ್ಲಿ ಒಬ್ಬನೇ.

ಆ ಕತ್ತಲನ್ನೇ ಅವನು ಶಾಲೆ ಮಾಡಿಕೊಂಡ. ಕಲ್ಲಿನ ಚಪ್ಪಡಿಗೆ ದೀಪದ ಮಸಿ ಹಿಡಿಸಿ, ಸೂಜಿಯಿಂದ ಗೀಚುತ್ತ ಶೀಘ್ರಲಿಪಿ ಕಲಿತ. ಇಪ್ಪತ್ತರ ಆಚೆಗೆ ಜೊತೆಗಾರರ ಪರವಾಗಿ ಮಾತಾಡತೊಡಗಿದ್ದೇ ತಡ, ಮಾಲೀಕರು ಅವನಿಗೂ ಅವನ ತಮ್ಮಂದಿರಿಗೂ ಗಣಿಯ ದಾರಿ ಮುಚ್ಚಿದರು. ಗುದ್ದಲಿ ಹೋದಾಗ ಲೇಖನಿ ಉಳಿಯಿತು. ಏರ್‌ಶೈರಿಗೆ ಹೋಗಿ ಪತ್ರಿಕೆಗೆ ಬರೆದು ಬದುಕುತ್ತ, 1886ರಲ್ಲಿ ಅಲ್ಲಿನ ಗಣಿ ಕಾರ್ಮಿಕರ ಸಂಘದ ಕಾರ್ಯದರ್ಶಿಯಾದರು.

ಕರ್ನಾಟಕದಲ್ಲಿ ಇದಕ್ಕೆ ಹತ್ತಿರದ ನೆನಪು ಕೋಲಾರದ ಚಿನ್ನದ ಗಣಿಯದು. 1930ರಲ್ಲಿ ಬೆರಳಚ್ಚು ಕೊಡಬೇಕೆಂಬ ನಿಯಮವನ್ನು ವಿರೋಧಿಸಿ ಅಲ್ಲಿನ ಕಾರ್ಮಿಕರು ಕೆಲಸ ನಿಲ್ಲಿಸಿದರು. 1946ರ ನವೆಂಬರ್ 4ರ ಗೋಲಿಬಾರಿನಲ್ಲಿ ಆರು ಜನ ಸತ್ತರು. ಅಲ್ಲಿಂದಲೂ ವಿಧಾನಸಭೆಗೆ ದಾರಿ ಮಾಡಿಕೊಟ್ಟದ್ದು ಕಾರ್ಮಿಕ ಸಂಘವೇ.

1888ರಲ್ಲಿ ಮಿಡ್ ಲ್ಯಾನಾರ್ಕ್ ಉಪಚುನಾವಣೆಯಲ್ಲಿ ಹಾರ್ಡಿಯವರಿಗೆ ಬಿದ್ದ ಮತ 617. ನಾಲ್ಕೇ ವರ್ಷಗಳಲ್ಲಿ, 1892ರಲ್ಲಿ, ಲಂಡನ್ ಬಳಿಯ ವೆಸ್ಟ್ ಹ್ಯಾಮ್ ದಕ್ಷಿಣದಿಂದ ಗೆದ್ದರು. ಉದ್ದನೆಯ ಟೋಪಿ, ಕರಿ ಕೋಟಿನ ಸದಸ್ಯರ ನಡುವೆ ಅವರು ಬಂದದ್ದು ಸಾದಾ ಟ್ವೀಡ್ ಉಡುಪಿನಲ್ಲಿ. ಆಗ ಸಂಸದರಿಗೆ ಸಂಬಳವಿರಲಿಲ್ಲ. ವರ್ಷಕ್ಕೆ 400 ಪೌಂಡ್ ಕೊಡಲು ಆರಂಭಿಸಿದ್ದು 1911ರಲ್ಲಿ. ಅಲ್ಲಿಯವರೆಗೆ ಕೂಲಿಕಾರ ಗೆದ್ದರೂ ಹೊಟ್ಟೆಗೇನು ಎಂಬ ಪ್ರಶ್ನೆಗೆ ಸಂಘದ ವಂತಿಗೆಯೇ ಉತ್ತರವಾಗಬೇಕಿತ್ತು.

1894ರ ಜೂನ್ 23. ವೇಲ್ಸಿನ ಕಿಲ್ವಿನಿದ್ ಊರಿನ ಆಲ್ಬಿಯನ್ ಗಣಿ ಸ್ಫೋಟಗೊಂಡು 290 ಜನ ಸತ್ತರು. ಅದೇ ದಿನ ರಾಜಮನೆತನದಲ್ಲಿ ಗಂಡು ಮಗು ಹುಟ್ಟಿತು. ಸಂಸತ್ತು ರಾಣಿಗೆ ಅಭಿನಂದನೆ ಸಲ್ಲಿಸಲು ಹೊರಟಿತು. ಸತ್ತವರ ಮನೆಯವರಿಗೆ ಸಂತಾಪದ ಮಾತೊಂದನ್ನು ಅದರೊಂದಿಗೆ ಸೇರಿಸಿ ಎಂದು ಹಾರ್ಡಿ ಕೇಳಿದರು. ಒಪ್ಪಲಿಲ್ಲ. ಆಗ ಅವರು ಎದ್ದುನಿಂತು ಅಭಿನಂದನೆಯನ್ನೇ ವಿರೋಧಿಸಿದರು. ಸಭೆ ಕೂಗಾಡಿ ಅವರ ದನಿ ಅಡಗಿಸಲು ನೋಡಿತು. ಅವರು ಮಾತು ನಿಲ್ಲಿಸಲಿಲ್ಲ. ಬಾಗಿಲ ಬಳಿ ಕುಳಿತಿದ್ದ ಹುಡುಗನಿಗೆ ಆ 290 ಜನ ಬರೀ ಲೆಕ್ಕವಾಗಿರಲು ಸಾಧ್ಯವಿರಲಿಲ್ಲ. ಮರುವರ್ಷದ ಚುನಾವಣೆಯಲ್ಲಿ ಸೋತರು. 1900ರಲ್ಲಿ ಅವರನ್ನು ಮತ್ತೆ ಆರಿಸಿ ಕಳಿಸಿದ್ದು ಅದೇ ವೇಲ್ಸಿನ ಗಣಿನಾಡು, ಮರ್ಥರ್. 1906ರಲ್ಲಿ 29 ಸದಸ್ಯರೊಂದಿಗೆ ಲೇಬರ್ ಪಕ್ಷ ಸಂಸತ್ತಿಗೆ ಬಂದಾಗ ಅವರೇ ಅದರ ಮೊದಲ ನಾಯಕ.

ಅವರಲ್ಲೂ ಕುಂದಿತ್ತು. 1880ರ ದಶಕದಲ್ಲಿ ಸ್ಕಾಟ್ಲೆಂಡಿಗೆ ದುಡಿಯಲು ಬಂದ ಲಿಥುವೇನಿಯಾದ ಕೂಲಿಕಾರರನ್ನು ಅವರು ಕಟುವಾಗಿ ಹಳಿದಿದ್ದರು. ಪರನಾಡಿನ ಬಡವನನ್ನು ತನ್ನವನೆಂದು ಕಾಣುವುದು ಅವರಿಗೂ ಒಂದೇ ದಿನದಲ್ಲಿ ಬಂದದ್ದಲ್ಲ.

1907ರಲ್ಲಿ ಆರೋಗ್ಯ ಕೆಟ್ಟು ಲೋಕಸಂಚಾರಕ್ಕೆ ಹೊರಟವರು ಸುಮಾರು ಎರಡು ತಿಂಗಳು ಭಾರತದಲ್ಲಿದ್ದರು. ಬಂಗಾಳದ ವಿಭಜನೆಗೆ ಎರಡು ವರ್ಷ. ಸ್ವದೇಶಿ ಚಳವಳಿಯ ಬಿಸಿ. ಪೂರ್ವ ಬಂಗಾಳ ಸುತ್ತಿದರು, ಪುಣೆಯಲ್ಲಿ ತಿಲಕರನ್ನು ಕಂಡರು. ಕೆನಡಾಕ್ಕಿರುವಂಥ ಸ್ವಯಮಾಡಳಿತ ಭಾರತಕ್ಕೂ ಬೇಕೆಂದರು. ಲಂಡನ್ ಪತ್ರಿಕೆಗಳು ಮುಗಿಬಿದ್ದವು. 1909ರಲ್ಲಿ ಭಾರತದ ಬಗ್ಗೆ ಪುಸ್ತಕ ತಂದು, ರೈತನ ಮೇಲಿನ ಕಂದಾಯದ ಹೊರೆಯನ್ನು ಬಿಡಿಸಿಟ್ಟರು. ಆ ಹೊರೆ ಎಂಥದೆಂದು ರಾಮದುರ್ಗದವರಿಗೆ ಹೇಳಿಕೊಡಬೇಕಿಲ್ಲ. 1939ರಲ್ಲಿ ಸಂಸ್ಥಾನದ ಪ್ರಜೆಗಳು ಸಿಡಿದೆದ್ದುದರ ಹಿಂದೆ ಇದ್ದದ್ದೂ ತೆರಿಗೆಯ ಸಂಕಟವೇ.

1914ರ ಆಗಸ್ಟಿನಲ್ಲಿ ಯುದ್ಧ ಶುರುವಾಯಿತು. ಯುದ್ಧ ಬೇಡವೆಂದ ಹಾರ್ಡಿಯವರ ಸಭೆಯನ್ನು ಅವರದೇ ಕ್ಷೇತ್ರದ ಆಬರ್‌ಡೇರಿನಲ್ಲಿ ಜನ ಕೂಗಿ ಕೆಡಿಸಿದರು. 1915ರ ಸೆಪ್ಟೆಂಬರ್ 26ರಂದು ಗ್ಲಾಸ್ಗೋದಲ್ಲಿ ತೀರಿಕೊಂಡರು. ತೆರವಾದ ಸ್ಥಾನವನ್ನು ಗೆದ್ದವರು ಯುದ್ಧದ ಪರವಿದ್ದ ಇನ್ನೊಬ್ಬ ಗಣಿ ಕಾರ್ಮಿಕ ಮುಖಂಡ. ಏಳು ತಿಂಗಳ ನಂತರ, 1916ರ ಏಪ್ರಿಲ್‌ನಲ್ಲಿ, ತಿಲಕರು ಇದೇ ಬೆಳಗಾವಿಯಲ್ಲಿ ಹೋಂ ರೂಲ್ ಲೀಗ್ ಆರಂಭಿಸಿದರು. 1924ರಲ್ಲಿ ಬ್ರಿಟನ್ನಿನಲ್ಲಿ ಮೊದಲ ಲೇಬರ್ ಸರ್ಕಾರ ಬಂತು. ಆ ವರ್ಷದ ಕೊನೆಗೆ ಗಾಂಧೀಜಿ ಬೆಳಗಾವಿ ಕಾಂಗ್ರೆಸ್ಸಿನ ಅಧ್ಯಕ್ಷರಾದರು.

ಭಾರತದ ಸ್ವಾತಂತ್ರ್ಯ ಮಸೂದೆ 1947ರ ಜುಲೈಯಲ್ಲಿ ಮಂಜೂರಾದಾಗ ಲಂಡನ್‌ನಲ್ಲಿದ್ದದ್ದು ಹಾರ್ಡಿ ಕಟ್ಟಿದ ಪಕ್ಷದ ಸರ್ಕಾರ. ಆ ಸಂಪುಟದಲ್ಲಿ ಅನ್ಯೂರಿನ್ ಬೆವನ್ ಇದ್ದರು; ಅವರು ವೇಲ್ಸಿನವರು, ಹಾರ್ಡಿಯಂತೆ ಎಳವೆಯಲ್ಲೇ, 13ನೇ ವಯಸ್ಸಿಗೇ ಗಣಿಗಿಳಿದವರು. ಅಧಿಕಾರ ಹಸ್ತಾಂತರಕ್ಕೆ ಮೌಂಟ್‌ಬ್ಯಾಟನ್ ದಿನ ಗೊತ್ತುಮಾಡಿದ್ದು ಜಪಾನ್ ಶರಣಾದ ತಾರೀಖನ್ನು ನೆನೆದು. ರಾಯಣ್ಣನ ನೆನಪಾಗಲಿ ಹಾರ್ಡಿಯ ನೆನಪಾಗಲಿ ಅವರಿಗಿದ್ದಿರಲಾರದು. ಸಂಗೊಳ್ಳಿಯ ಆ ಮಗು ಹುಟ್ಟಿ ಅಂದಿಗೆ 149 ವರ್ಷ, ಲ್ಯಾನಾರ್ಕ್‌ಶೈರಿನ ಮಗು ಹುಟ್ಟಿ 91.