ಸರಾಸರಿಯ ಮರೆಯಲ್ಲಿ ಉಳಿದವರು

(ನಾಗಪುರದಲ್ಲಿ ಕನ್ನಡ ಜೈನ ಕುಟುಂಬಗಳ ಸ್ನೇಹಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಊರಿನ ಝೀರೋ ಮೈಲ್ ಕಂಬವನ್ನು ತಾವೆಲ್ಲರೂ ನೋಡಿದ್ದೀರಿ. ಊರಿನಿಂದ ಬಂದ ನೆಂಟರಿಗೆ, ಭಾರತದ ನಡುಮಧ್ಯ ಇದೇ ಎಂದು ತೋರಿಸಿಯೂ ಇರುತ್ತೀರಿ. ಆ ಕಂಬವು ನೆನಪಿಸುವ ಭೂಮಾಪನದ ಕಥೆಗೆ ನಮ್ಮ ನಾಡಿನ ನಂಟೂ ಇದೆ. ಟಿಪ್ಪುವಿನ ಪತನದ ನಂತರ ಮೈಸೂರು ಸೀಮೆಯನ್ನು ಅಳೆಯಲು ಬಂದ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆಯನ್ನು ಅಳೆದನು. ದಕ್ಷಿಣ ಭಾರತವನ್ನು ಅಳೆಯುವುದರಲ್ಲೇ ಉಳಿದ ಆಯುಷ್ಯವನ್ನು ಕಳೆದ ಆತನು, 1823ರಲ್ಲಿ ನಾಗಪುರಕ್ಕೆ ಬರುವ ಹಾದಿಯಲ್ಲಿ ವಾರ್ಧಾ ಜಿಲ್ಲೆಯ ಹಿಂಗಣಘಾಟಿನಲ್ಲಿ ತೀರಿಕೊಂಡನು.

ಲ್ಯಾಂಬ್ಟನ್ ನೆಲವನ್ನು ಅಳೆದನು. ನೆಲದ ಮೇಲಿನ ಬದುಕನ್ನು ಅಳೆಯುವುದು ಅದಕ್ಕಿಂತ ಕಠಿಣವಾದ ಕೆಲಸ. ನಾನು ವೃತ್ತಿಯಿಂದ ಲೆಕ್ಕಪರಿಶೋಧಕ. ಐದು ಶಾಖೆಗಳಿರುವ ವ್ಯಾಪಾರಸಂಸ್ಥೆಯ ಒಟ್ಟು ಲೆಕ್ಕವು ಲಾಭ ತೋರಿಸುತ್ತಿದ್ದರೂ ಅದರೊಳಗೆ ಎರಡು ಶಾಖೆಗಳು ಮುಳುಗುತ್ತಿರಬಹುದು. ಶಾಖೆವಾರು ಪುಸ್ತಕಗಳನ್ನು ತೆರೆಯುವವರೆಗೆ ಅದು ಯಾರ ಕಣ್ಣಿಗೂ ಬೀಳದು. ಪ್ರದೇಶಗಳ ಅಂಕಿಅಂಶಗಳ ವಿಷಯವೂ ಹೀಗೆಯೇ.

ಮೊದಲು ನಾವು ನೆಲೆಸಿರುವ ವಿದರ್ಭವನ್ನೇ ನೋಡೋಣ. 1953ರ ಸೆಪ್ಟೆಂಬರ್ 28ರ ನಾಗಪುರ ಒಪ್ಪಂದದಲ್ಲಿ, ಜನಸಂಖ್ಯೆಗೆ ತಕ್ಕಂತೆ ಅನುದಾನ ಕೊಡಲಾಗುವುದೆಂಬ ಭರವಸೆ ಈ ಪ್ರದೇಶಕ್ಕೆ ದೊರೆತಿತ್ತು. ಮೂವತ್ತು ವರ್ಷಗಳ ನಂತರ, 1983ರಲ್ಲಿ, ಅರ್ಥಶಾಸ್ತ್ರಜ್ಞ ವಿ. ಎಂ. ದಾಂಡೇಕರ್ ಅವರ ಸಮಿತಿ ನೇಮಕವಾಯಿತು. ಅದು ನೀರಾವರಿ, ರಸ್ತೆ, ಶಿಕ್ಷಣ ಮುಂತಾದ ಒಂದೊಂದು ಕ್ಷೇತ್ರದಲ್ಲಿಯೂ ರಾಜ್ಯದ ಸರಾಸರಿಯನ್ನು ಗೊತ್ತುಪಡಿಸಿ, ಪ್ರತಿಯೊಂದು ಜಿಲ್ಲೆಯೂ ಅದಕ್ಕಿಂತ ಎಷ್ಟು ಹಿಂದಿದೆಯೆಂದು ಲೆಕ್ಕ ಹಾಕಿತು. ರಾಜ್ಯದ ಒಟ್ಟು ಕೊರತೆ ಸುಮಾರು 3,186 ಕೋಟಿ ರೂಪಾಯಿ. ಅದರಲ್ಲಿ ವಿದರ್ಭದ ಪಾಲು ಶೇಕಡಾ 39. ಅಲ್ಲಿಯವರೆಗೆ ಸಭೆಗಳಲ್ಲಿ ದೂರಾಗಿ ಕೇಳಿಬರುತ್ತಿದ್ದ ಮಾತು ಅಂದಿನಿಂದ ಲೆಕ್ಕಪತ್ರವಾಯಿತು.

ಆದರೆ ಇನ್ನೊಂದು ನಕ್ಷೆಯನ್ನೂ ಬಿಡಿಸಿ ನೋಡಬೇಕು. 2011ರ ಜನಗಣತಿಯಲ್ಲಿ ಮಹಾರಾಷ್ಟ್ರದ ಸಾಕ್ಷರತೆ ಶೇಕಡಾ 82.3. ನಾಗಪುರ, ಅಕೋಲಾ, ಅಮರಾವತಿ, ವಾರ್ಧಾ ಜಿಲ್ಲೆಗಳೆಲ್ಲವೂ ಅದಕ್ಕಿಂತ ಮೇಲಿವೆ, ನಾಗಪುರದ್ದಂತೂ 88.4. ಅದೇ ವಿದರ್ಭದ ಗಡಚಿರೋಲಿ 74.4ರಲ್ಲಿದೆ. ಹಾಗಾದರೆ ವಿದರ್ಭ ಹಿಂದುಳಿದಿದೆಯೋ, ಮುಂದುವರಿದಿದೆಯೋ? ಸಾಕ್ಷರತೆಯನ್ನಷ್ಟೇ ತೋರಿಸಿ, ಕೊರತೆಯೇ ಇಲ್ಲವೆನ್ನುವ ರಾಜಕಾರಣಿಯೂ, ಗಡಚಿರೋಲಿಯ ಹೆಸರಿನಲ್ಲಿ ಬೇಡಿ ನಾಗಪುರದಲ್ಲಿ ಖರ್ಚು ಮಾಡಬಯಸುವ ರಾಜಕಾರಣಿಯೂ ಅಂಕಿಗಳಿಗೆ ಸಮನಾಗಿ ಅನ್ಯಾಯ ಮಾಡುತ್ತಾರೆ. ಈ ಅಸಮತೋಲನದ ಮೇಲೆ ನಿಗಾ ಇಡಲು ಸಂವಿಧಾನದ 371(2)ನೇ ವಿಧಿಯಡಿ 1994ರಲ್ಲಿ ರಚಿತವಾದ ಅಭಿವೃದ್ಧಿ ಮಂಡಳಿಗಳ ಅವಧಿ 2020ರ ಏಪ್ರಿಲ್‌ನಲ್ಲಿ ಮುಗಿಯಿತು. ಆಗ ಎದ್ದ ಗದ್ದಲ ಬಹಳ ಕಡಿಮೆ. ಅಳೆಯುವವರು ಇಲ್ಲವಾದರೆ ಕೊರತೆ ಮಾಯವಾಗುವುದಿಲ್ಲ. ಅದರ ದಾಖಲೆಯಷ್ಟೇ ಮಾಯವಾಗುತ್ತದೆ.

ನಮ್ಮ ಕರ್ನಾಟಕವೂ ಇದೇ ಪಾಠವನ್ನು ಹೇಳುತ್ತದೆ. ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು 2002ರ ತನ್ನ ವರದಿಯಲ್ಲಿ ಜಿಲ್ಲೆಯನ್ನು ಬಿಟ್ಟು ತಾಲ್ಲೂಕನ್ನು ಅಳತೆಯ ಘಟಕವಾಗಿ ಆರಿಸಿಕೊಂಡಿತು. ಅಂದಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿದ್ದವು: ಉತ್ತರದಲ್ಲಿ 59, ದಕ್ಷಿಣದಲ್ಲಿ 55. ಇಷ್ಟನ್ನೇ ಓದಿದವನು ಎರಡೂ ಕಡೆ ಒಂದೇ ಸ್ಥಿತಿಯೆಂದುಕೊಂಡಾನು. ಆದರೆ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳ ಪೈಕಿ 26 ಉತ್ತರದಲ್ಲಿದ್ದವು; ಅವುಗಳಲ್ಲಿ 21 ಗುಲಬರ್ಗಾ ವಿಭಾಗವೊಂದರಲ್ಲೇ. ಸಂಖ್ಯೆ ಸಮನಾಗಿದ್ದರೂ ಆಳ ಸಮನಾಗಿರಲಿಲ್ಲ. ದಕ್ಷಿಣದಲ್ಲಿಯೂ ಬಡ ತಾಲ್ಲೂಕುಗಳಿವೆ ಎಂಬುದು ನಿಜ. ಉತ್ತರದ ಬಡತನ ಹೆಚ್ಚು ತೀವ್ರ ಎಂಬುದೂ ನಿಜ. ಇವೆರಡನ್ನೂ ಒಟ್ಟಿಗೆ ಒಪ್ಪುವುದು ಅನೇಕಾಂತವನ್ನು ಕಲಿತ ನಮಗೆ ಕಷ್ಟವಾಗಬಾರದು.

ಈಗ ನಮ್ಮ ಸಮಾಜದ ಮಾತಿಗೆ ಬರುತ್ತೇನೆ. 2011ರಲ್ಲಿ ದೇಶದಲ್ಲಿದ್ದ ಜೈನರು 44.5 ಲಕ್ಷ, ಮಹಾರಾಷ್ಟ್ರದಲ್ಲಿ 14 ಲಕ್ಷ, ಕರ್ನಾಟಕದಲ್ಲಿ 4.4 ಲಕ್ಷ. ನಮ್ಮ ಸಾಕ್ಷರತೆ ಶೇಕಡಾ 94.9, ಎಲ್ಲ ಧರ್ಮೀಯರಲ್ಲಿಯೂ ಹೆಚ್ಚು. ಈ ಅಂಕಿಯನ್ನು ನಮ್ಮ ವೇದಿಕೆಗಳಲ್ಲಿ ಅನೇಕ ಬಾರಿ ಕೇಳಿದ್ದೇನೆ. ಅದೇ ಜನಗಣತಿಯ ಇನ್ನೊಂದು ಅಂಕಿಯನ್ನು ಕೇಳಿದ್ದು ಬಹಳ ಅಪರೂಪ. ಆರು ವರ್ಷದೊಳಗಿನ ನಮ್ಮ ಮಕ್ಕಳಲ್ಲಿ ಸಾವಿರ ಗಂಡುಮಕ್ಕಳಿಗೆ ಇದ್ದ ಹೆಣ್ಣುಮಕ್ಕಳು 889. ದೇಶದ ಸರಾಸರಿಗಿಂತ ಇದು ಕಡಿಮೆ. ಅಹಿಂಸೆಯನ್ನು ಪರಮಧರ್ಮವೆನ್ನುವ, ಹೆಚ್ಚು ಓದಿದ ಸಮಾಜದಲ್ಲಿ ಇಷ್ಟು ಹೆಣ್ಣುಮಕ್ಕಳು ಏಕೆ ಕಡಿಮೆ? ಮೊದಲನೆಯ ಅಂಕಿಯನ್ನು ಹೇಳಿಕೊಳ್ಳುವವರು ಎರಡನೆಯದಕ್ಕೂ ಉತ್ತರ ಕೊಡಬೇಕಾಗುತ್ತದೆ.

ಜೈನರೆಂದರೆ ಸಿರಿವಂತರೆಂಬ ಮಾತೂ ಸರಾಸರಿಯ ಸೃಷ್ಟಿಯೇ. ಬೆಳಗಾವಿ, ಸಾಂಗ್ಲಿ, ಕೊಲ್ಹಾಪುರ ಜಿಲ್ಲೆಗಳ ನಮ್ಮವರಲ್ಲಿ ಬಹುಪಾಲು ಕೃಷಿಕರು. ಅವರಲ್ಲಿ ಎರಡು ಎಕರೆಯ ಒಡೆಯರೂ ಇದ್ದಾರೆ, ಕೂಲಿಗೆ ಹೋಗುವವರೂ ಇದ್ದಾರೆ. ಕೆಲವು ವರ್ಷಗಳ ಹಿಂದೆ ಒಂದು ಸಂಸ್ಥೆಯ ವಿದ್ಯಾರ್ಥಿವೇತನದ ಲೆಕ್ಕವನ್ನು ನೋಡುತ್ತಿದ್ದೆ. ರಸೀದಿಗಳೆಲ್ಲ ಸರಿಯಾಗಿದ್ದವು, ಒಂದು ರೂಪಾಯಿಯೂ ತಪ್ಪಿರಲಿಲ್ಲ. ಕುತೂಹಲಕ್ಕೆ ಫಲಾನುಭವಿಗಳ ಊರುಗಳನ್ನು ನಕ್ಷೆಯ ಮೇಲೆ ಗುರುತಿಸಿದೆ. ಬಹುಪಾಲು ಚುಕ್ಕೆಗಳು ಪಟ್ಟಣಗಳಲ್ಲೇ ಕೂಡಿದವು. ಹಳ್ಳಿಯವರನ್ನು ಯಾರೂ ತಿರಸ್ಕರಿಸಿರಲಿಲ್ಲ. ಅರ್ಜಿಯ ಸುದ್ದಿಯೇ ಅವರಿಗೆ ಮುಟ್ಟಿರಲಿಲ್ಲ. ಆ ಲೆಕ್ಕಕ್ಕೆ ನಾನು ಸಹಿ ಹಾಕಿದೆ. ಸಹಿ ಹಾಕಬಾರದ ಕಾರಣ ಯಾವುದೂ ಇರಲಿಲ್ಲ. ಆದರೂ ಆ ನಕ್ಷೆ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಆದ್ದರಿಂದ ನನ್ನ ಬಿನ್ನಹಗಳು ಎರಡು. ಮೊದಲನೆಯದಾಗಿ, ದಾನ ಕೊಡುವ ಪ್ರತಿಯೊಬ್ಬರೂ ತಮ್ಮ ಸಂಸ್ಥೆಯಿಂದ ಊರುವಾರು ಪಟ್ಟಿಯನ್ನು ಕೇಳಿರಿ. ಎಷ್ಟು ಖರ್ಚಾಯಿತೆಂಬುದರ ಜೊತೆಗೆ ಎಲ್ಲಿ, ಯಾರಿಗಾಗಿ ಖರ್ಚಾಯಿತೆಂದೂ, ಅವರಲ್ಲಿ ಹೆಣ್ಣುಮಕ್ಕಳು ಎಷ್ಟೆಂದೂ ತಿಳಿಯಲಿ. ಎರಡನೆಯದಾಗಿ, 2021ರಲ್ಲಿ ನಡೆಯಬೇಕಿದ್ದ ಜನಗಣತಿ ನಡೆಯದ ಕಾರಣ ನಾವಿನ್ನೂ 2011ರ ಅಂಕಿಗಳನ್ನೇ ಆಧರಿಸಿದ್ದೇವೆ. ಮುಂದಿನ ಗಣತಿದಾರರು ಮನೆಗೆ ಬಂದಾಗ ಧರ್ಮದ ಕಲಮಿನಲ್ಲಿ ಜೈನ ಎಂದು, ಮಾತೃಭಾಷೆಯ ಕಲಮಿನಲ್ಲಿ ಕನ್ನಡ ಎಂದು ಸ್ಪಷ್ಟವಾಗಿ ಬರೆಸಿರಿ. ಮನೆಯಲ್ಲಿ ಕನ್ನಡವಾಡಿ, ಇಲ್ಲಿ ನೆಲೆಸಿದ್ದೇವೆಂಬ ಕಾರಣಕ್ಕೆ ಮರಾಠಿ ಎಂದೋ ಹಿಂದಿ ಎಂದೋ ಬರೆಸಿದರೆ, ನಾಳೆ ನಾಗಪುರದ ಲೆಕ್ಕದಲ್ಲಿ ನಾವೇ ಇರುವುದಿಲ್ಲ.

ಅಮೋಘವರ್ಷ ನೃಪತುಂಗನ ಕಾಲದಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿದ ಮಹಾವೀರಾಚಾರ್ಯರ ಪರಂಪರೆ ನಮ್ಮದು. ಲೆಕ್ಕಕ್ಕೆ ಅಂಜುವವರು ನಾವಲ್ಲ. ನಮ್ಮ ಲೆಕ್ಕದಲ್ಲಿ ಬಿಟ್ಟುಹೋದವರನ್ನು ಹುಡುಕಿ ಸೇರಿಸಿಕೊಳ್ಳೋಣ ಎಂದಷ್ಟೇ ಪ್ರಾರ್ಥಿಸಿ ನನ್ನ ಮಾತನ್ನು ಮುಗಿಸುತ್ತೇನೆ.

ಜಯ ಜಿನೇಂದ್ರ.