ಹಿಂದೆ ಬರುವ ಖರ್ಚು ಯಾರದ್ದು?

(ನಮ್ಮ ವಾರ್ಷಿಕ ಕುಟುಂಬ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)

 

ನಮ್ಮಂಥ ಅಕೌಂಟೆಂಟುಗಳನ್ನು ಮಾತಿಗೆ ಕರೆದರೆ ಎನ್‌ಆರ್‌ಇ ಖಾತೆ, ಪ್ಯಾನ್ ಕಾರ್ಡು, ಟ್ಯಾಕ್ಸು ಇಷ್ಟೇ ಬರುವುದು. ಹಿಂದಿನ ಸಾಲಿನವರು ಆಗಲೇ ಮೊಬೈಲ್ ತೆಗೆದದ್ದು ಕಾಣ್ತಾ ಉಂಟು. ಒಳಗೆ ಇಡಿ. ಇವತ್ತು ಒಂದು ಕಥೆ ಹೇಳ್ತೇವೆ. ಕಟ್ಟಿದ ಕಥೆ ಅಲ್ಲ, ನಡೆದದ್ದು. ಸಮುದ್ರದ ಕಥೆ, ಸಾಲದ ಕಥೆ.

ಚೇ ಬ್ಲೈತ್ ಅಂತ ಒಬ್ಬರು. ಸ್ಕಾಟ್ಲೆಂಡಿನ ಹಾಯಿಕ್ ಎಂಬ ಊರಿನಲ್ಲಿ 1940ರಲ್ಲಿ ಹುಟ್ಟಿದವರು. ಉಣ್ಣೆ ಬಟ್ಟೆ ನೇಯುವ ಊರು ಅದು. ಸಮುದ್ರ ಅಲ್ಲಿಂದ ದೂರ. ಇವರೂ ಮೊದಲು ಉಣ್ಣೆ ಬಟ್ಟೆಯ ಫ್ಯಾಕ್ಟರಿಯಲ್ಲೇ ಕೆಲಸ ಕಲಿಯಲು ಸೇರಿದರು. 18ನೇ ವಯಸ್ಸಿಗೆ ಸೇನೆಯ ಪ್ಯಾರಾಶೂಟ್ ರೆಜಿಮೆಂಟ್ ಸೇರಿ, 21ಕ್ಕೆ ಸಾರ್ಜೆಂಟ್ ಆದರು. ದೊಡ್ಡ ಓದು ಇಲ್ಲ, ಕೈಯಲ್ಲಿ ಹಣ ಇಲ್ಲ.

1966ರಲ್ಲಿ ಅದೇ ರೆಜಿಮೆಂಟಿನ ಕ್ಯಾಪ್ಟನ್ ಜಾನ್ ರಿಡ್ಜ್‌ವೇ ಅವರಿಗೆ ಒಂದು ಹುಚ್ಚು ಹಿಡಿಯಿತು, ಅಟ್ಲಾಂಟಿಕ್ ಸಾಗರವನ್ನು ಹುಟ್ಟು ಹಾಕಿಕೊಂಡೇ ದಾಟಬೇಕು ಅಂತ. ಜೊತೆಗೆ ಹೊರಟವರು ಈ ಸಾರ್ಜೆಂಟ್. ದೋಣಿ ಸುಮಾರು 20 ಅಡಿಯದ್ದು, ಮೇಲೆ ಮಾಡು ಇಲ್ಲ. ನಮ್ಮ ಉಳ್ಳಾಲದ ಕಡೆ ಮೀನಿಗೆ ಹೋಗುವವರೂ ‘ಇದರಲ್ಲಿ ಎಲ್ಲಿಗೆ ಮಾರಾಯ್ರೆ’ ಅಂತ ಕೇಳುವಂಥ ದೋಣಿ. ಅಮೆರಿಕದ ಕೇಪ್ ಕಾಡ್‌ನಿಂದ ಜೂನ್ 4ರಂದು ಹೊರಟು, 92 ದಿನ ಹುಟ್ಟು ಹಾಕಿ, ಸೆಪ್ಟೆಂಬರ್ 3ರಂದು ಐರ್ಲೆಂಡ್ ಪಕ್ಕದ ಇನಿಶ್‌ಮೋರ್ ದ್ವೀಪ ಮುಟ್ಟಿದರು. ಅದೇ ವರ್ಷ ಡೇವಿಡ್ ಜಾನ್‌ಸ್ಟೋನ್, ಜಾನ್ ಹೋರ್ ಎಂಬ ಇನ್ನಿಬ್ಬರು ‘ಪಫಿನ್’ ಎಂಬ ದೋಣಿಯಲ್ಲಿ ಹೊರಟಿದ್ದರು. ಆ ದೋಣಿ ಮಗುಚಿದ ಸ್ಥಿತಿಯಲ್ಲಿ ಸಿಕ್ಕಿತು, ಇಬ್ಬರೂ ಸಿಗಲಿಲ್ಲ. ಅವರ ದಿನಚರಿಯ ಕೊನೆಯ ಬರಹದ ತಾರೀಕು ಸೆಪ್ಟೆಂಬರ್ 3. ಇವರು ದಡ ಮುಟ್ಟಿದ ಅದೇ ದಿನ. ಸಮುದ್ರ ಯಾರನ್ನು ಬಿಡುತ್ತದೆ, ಯಾರನ್ನು ಇಟ್ಟುಕೊಳ್ಳುತ್ತದೆ ಅಂತ ಹೇಳಲಿಕ್ಕೆ ಬರುವುದಿಲ್ಲ. ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮರುವರ್ಷ ಬ್ಲೈತ್ ಸೇನೆ ಬಿಟ್ಟರು. 1968ರಲ್ಲಿ ಬ್ರಿಟನ್ನಿನ ಸಂಡೇ ಟೈಮ್ಸ್ ಪತ್ರಿಕೆ ‘ಗೋಲ್ಡನ್ ಗ್ಲೋಬ್’ ಎಂಬ ಪಂದ್ಯ ಸಾರಿತು. ಹಾಯಿದೋಣಿಯಲ್ಲಿ ಒಬ್ಬನೇ, ಎಲ್ಲಿಯೂ ನಿಲ್ಲದೆ, ಯಾರ ಸಹಾಯವೂ ಇಲ್ಲದೆ ಭೂಮಿ ಸುತ್ತಿ ಬರಬೇಕು. ಮೊದಲು ಬಂದವನಿಗೆ ಟ್ರೋಫಿ, ಕಡಿಮೆ ದಿನದಲ್ಲಿ ಬಂದವನಿಗೆ 5,000 ಪೌಂಡ್. ಆ ಕಾಲಕ್ಕೆ ಅದು ದೊಡ್ಡ ಮೊತ್ತ. ಹೊರಟವರು ಒಂಬತ್ತು ಮಂದಿ. ನಾವು ಇವತ್ತು ಹೇಳಬೇಕಾದದ್ದು ಅದರಲ್ಲಿ ಮುಖ್ಯವಾಗಿ ಇಬ್ಬರ ಲೆಕ್ಕ.

ಒಬ್ಬರು ಬ್ಲೈತ್. ಇವರಿಗೆ ಹುಟ್ಟು ಹಾಕಿ ಗೊತ್ತು, ಹಾಯಿ ಬಿಚ್ಚಿ ಗೊತ್ತಿಲ್ಲ. ಹೊರಡುವ ದಿನ ಸ್ನೇಹಿತರೇ ಹಾಯಿ ಕಟ್ಟಿಕೊಟ್ಟು, ತಮ್ಮ ದೋಣಿಯಲ್ಲಿ ಮುಂದೆ ಮುಂದೆ ಹೋದರು. ಅವರು ಮಾಡಿದ ಹಾಗೆಯೇ ಇವರು ಹಿಂದಿನಿಂದ ಮಾಡುತ್ತಾ ಹೋದರು. ನಗು ಬರ್ತದೆ, ಆದರೆ ನಮ್ಮಲ್ಲಿ ಎಷ್ಟು ಮಂದಿ ಫೋರ್ಕ್‌ಲಿಫ್ಟ್ ಕಲಿತದ್ದು ಹೀಗೆಯೇ ಅಲ್ವಾ? ದೋಣಿ ಇವರ ಸ್ವಂತದ್ದಲ್ಲ, ಬೇರೆಯವರು ಬಳಸಲು ಕೊಟ್ಟದ್ದು. ಇದನ್ನು ನೆನಪಿಟ್ಟುಕೊಳ್ಳಿ.

ಇನ್ನೊಬ್ಬರು ಡೊನಾಲ್ಡ್ ಕ್ರೌಹರ್ಸ್ಟ್. ಇವರೂ ಮೊದಲು ವಾಯುಸೇನೆ, ಆಮೇಲೆ ಭೂಸೇನೆಯಲ್ಲಿ ಇದ್ದು ಬಿಟ್ಟವರು. ಇವರೂ ಉದ್ಯಮಿಯೇ. ದೋಣಿಗಳಿಗೆ ದಿಕ್ಕು ತಿಳಿಸುವ ಒಂದು ರೇಡಿಯೋ ಉಪಕರಣ ಮಾಡಿ ಮಾರುತ್ತಿದ್ದರು. ಬುದ್ಧಿವಂತರು. ಆದರೆ ಕಂಪೆನಿ ಕುಂಟುತ್ತಿತ್ತು. ಪಂದ್ಯ ಗೆದ್ದರೆ ಹೆಸರು ಬರುತ್ತದೆ, ಹೆಸರು ಬಂದರೆ ಮಾಲು ಹೋಗುತ್ತದೆ ಎಂಬುದು ಲೆಕ್ಕ. ದೋಣಿ ಕಟ್ಟಿಸಲು ಹಣ ಹಾಕಿದವರು ಸ್ಟ್ಯಾನ್ಲಿ ಬೆಸ್ಟ್ ಎಂಬ ವ್ಯಾಪಾರಿ. ಕರಾರು ಏನೆಂದರೆ, ಯಾತ್ರೆ ಕೈಕೊಟ್ಟರೆ ಆ ದೋಣಿಯನ್ನು ಕ್ರೌಹರ್ಸ್ಟ್ ಅವರ ಕಂಪೆನಿಯೇ ಹಣ ಕೊಟ್ಟು ಕೊಂಡುಕೊಳ್ಳಬೇಕು. ಅದಕ್ಕೆ ಈಡಾಗಿ ಕಂಪೆನಿಯೂ ಅಡವು, ಮನೆಯೂ ಅಡವು. ಆ ಮನೆಯಲ್ಲಿ ಹೆಂಡತಿ ಮತ್ತು ನಾಲ್ಕು ಮಕ್ಕಳು.

ಈಗ ನೋಡಿ. ಬ್ಲೈತ್ ಜೂನ್ 8ಕ್ಕೆ ಹೊರಟರು. ಅಟ್ಲಾಂಟಿಕ್ ನಡುವೆ ಟ್ರಿಸ್ಟನ್ ಡ ಕುನ್ಹಾ ಎಂಬ ದ್ವೀಪದ ಹತ್ತಿರ ತಲುಪುವಾಗ ಜನರೇಟರಿನ ಇಂಧನಕ್ಕೆ ಉಪ್ಪುನೀರು ಸೇರಿತ್ತು. ಅಲ್ಲಿದ್ದ ಹಡಗಿನವರ ಸಹಾಯ ತೆಗೆದುಕೊಂಡರು. ನಿಯಮದ ಪ್ರಕಾರ ಅಲ್ಲಿಗೇ ಪಂದ್ಯದಿಂದ ಹೊರಗೆ. ಆದರೂ ಮುಂದೆ ಹೋಗಿ, ದಕ್ಷಿಣದ ಆ ದೊಡ್ಡ ಅಲೆಗಳಿಗೆ ಈ ದೋಣಿ ತಡೆಯುವುದಿಲ್ಲ ಅಂತ ಗೊತ್ತಾದ ಮೇಲೆ ದಕ್ಷಿಣ ಆಫ್ರಿಕಾದ ಈಸ್ಟ್ ಲಂಡನ್ ಬಂದರಿಗೆ ತಿರುಗಿಸಿದರು. ‘ಆಗಲಿಲ್ಲ’ ಅಂದರು. ಅಷ್ಟೇ. ಹೆಂಡತಿ ಮೊರೀನ್ ಅಲ್ಲಿಗೆ ಬಂದರು, ಗಂಡ ಹೆಂಡತಿ ಸೇರಿ ಅದೇ ದೋಣಿಯಲ್ಲಿ ಮನೆಗೆ ಹೊರಟರು.

ಕ್ರೌಹರ್ಸ್ಟ್ ಹೊರಟದ್ದು ಕೊನೆಯ ಗಡುವಿನ ದಿನ, ಅಕ್ಟೋಬರ್ 31. ತಯಾರಿ ಅರ್ಧಂಬರ್ಧ. ಕೆಲವೇ ವಾರಗಳಲ್ಲಿ ದೋಣಿಗೆ ನೀರು ಬರಲು ಶುರು. ಮುಂದೆ ಹೋದರೆ ಜೀವ ಉಳಿಯುವುದಿಲ್ಲ ಅಂತ ಅವರಿಗೆ ಗೊತ್ತಾಗಿತ್ತು. ಹಿಂದೆ ಬಂದರೆ? ಮನೆ ಹೋಗ್ತದೆ. ಹಾಗಾಗಿ ಅಟ್ಲಾಂಟಿಕ್‌ನಲ್ಲೇ ಸುತ್ತಾಡುತ್ತಾ, ಭೂಮಿ ಸುತ್ತುತ್ತಿದ್ದೇನೆ ಅಂತ ರೇಡಿಯೋದಲ್ಲಿ ಸುಳ್ಳು ಜಾಗ ಹೇಳತೊಡಗಿದರು. ನಿಜವಾದ ದಾರಿಗೆ ಒಂದು ಲೆಕ್ಕ, ಹೇಳುವ ದಾರಿಗೆ ಇನ್ನೊಂದು ಲೆಕ್ಕ. ಎರಡು ಪುಸ್ತಕ ಇಡುವವರನ್ನು ನಮ್ಮ ವೃತ್ತಿಯಲ್ಲಿ ಬೇಕಾದಷ್ಟು ಕಂಡಿದ್ದೇವೆ. ಅವರಲ್ಲಿ ಹೆಚ್ಚಿನವರು ಕಳ್ಳರಲ್ಲ, ಸಿಕ್ಕಿಹಾಕಿಕೊಂಡವರು.

ಆಮೇಲೆ ಏನಾಯಿತು ಅಂದ್ರೆ, ಕ್ರೌಹರ್ಸ್ಟ್ ಬೆನ್ನಿಗೇ ಇದ್ದಾರೆ ಅಂತ ನಂಬಿ ನೈಜೆಲ್ ಟೆಟ್ಲಿ ಎಂಬವರು ತಮ್ಮ ದೋಣಿಯನ್ನು ಮಿತಿಮೀರಿ ಓಡಿಸಿದರು. ಮನೆ ಹತ್ತಿರ ಬಂದಾಗ ದೋಣಿ ಮುಳುಗಿತು, ಅವರು ಹೇಗೋ ಬದುಕಿದರು. ಈಗ 5,000 ಪೌಂಡ್ ಕ್ರೌಹರ್ಸ್ಟ್‌ಗೇ ಎಂಬ ಹಾಗಾಯಿತು. ಗೆದ್ದರೆ ಪುಸ್ತಕ ಪರಿಶೀಲಿಸುತ್ತಾರೆ! 1969ರ ಜುಲೈ 10ರಂದು ಅವರ ದೋಣಿ ಸಿಕ್ಕಿತು. ಒಳಗೆ ಯಾರೂ ಇಲ್ಲ. ನಿಜ ಹೇಳುವ ಪುಸ್ತಕ ಮಾತ್ರ ಮೇಜಿನ ಮೇಲಿತ್ತು.

ಇಬ್ಬರಲ್ಲಿ ಧೈರ್ಯ ಯಾರಿಗೆ ಹೆಚ್ಚು ಅಂತ ಕೇಳಬೇಡಿ. ಬ್ಲೈತ್ ಹಿಂದೆ ಬಂದದ್ದು ಹಿಂದೆ ಬರಲು ಅವರಿಗೆ ಸಾಧ್ಯ ಇದ್ದುದರಿಂದ. ಸೋತರೆ ಹೋಗುವುದು ಮಾನ, ಅದೂ ಸ್ವಲ್ಪ ದಿನಕ್ಕೆ. ಮನೆ ಅಲ್ಲ. ನಾವು ಯಾವ ಕೆಲಸಕ್ಕೆ ಹೊರಟರೂ ಎಷ್ಟು ಲಾಭ ಬರ್ತದೆ ಅಂತ ಒಂದು ಹಾಳೆಯಲ್ಲಿ ಬರೆಯುತ್ತೇವೆ. ಆಗದೆ ಹಿಂದೆ ಬಂದರೆ ಆ ಖರ್ಚು ಯಾರ ತಲೆ ಮೇಲೆ ಅಂತ ಬರೆಯುವುದಿಲ್ಲ. ಇಲ್ಲಿ ಕೂತವರಲ್ಲಿ ಉಮ್ಮನ ಚಿನ್ನ ಅಡವಿಟ್ಟು ವೀಸಾಕ್ಕೆ ಕೊಟ್ಟು ಬಂದವರು ಇದ್ದಾರೆ, ನಮಗೆ ಗೊತ್ತುಂಟು. ಹೇಳಿದ ಕೆಲಸ ಬೇರೆ, ಸಿಕ್ಕಿದ ಕೆಲಸ ಬೇರೆ. ಎರಡು ತಿಂಗಳು ಸಂಬಳ ಇಲ್ಲ. ಆದರೂ ಶುಕ್ರವಾರ ಒಂದು ಒಳ್ಳೆಯ ಅಂಗಿ ಹಾಕಿ, ಎತ್ತರದ ಬಿಲ್ಡಿಂಗಿನ ಎದುರು ನಿಂತು ಫೋಟೋ ತೆಗೆದು ಊರಿಗೆ ಕಳಿಸುತ್ತೇವೆ. ‘ಎಲ್ಲ ಚೆನ್ನಾಗಿದೆ ಉಮ್ಮ’ ಅಂತ ವಾಯ್ಸ್ ಮೆಸೇಜು. ಅದು ಕೂಡ ರೇಡಿಯೋದಲ್ಲಿ ಹೇಳಿದ ಸುಳ್ಳು ಜಾಗವೇ. ಹಾಗೆ ಯಾರಾದರೂ ಇದ್ದರೆ ಊಟದ ನಂತರ ಬಂದು ನಮ್ಮನ್ನು ಕಾಣಿ. ಹೆಸರು ಎಲ್ಲಿಯೂ ಬರೆಯುವುದಿಲ್ಲ.

ಪಂದ್ಯ ಮುಗಿಸಿದ್ದು ಒಬ್ಬರೇ, ವ್ಯಾಪಾರಿ ಹಡಗಿನ ಅಧಿಕಾರಿ ರಾಬಿನ್ ನಾಕ್ಸ್-ಜಾನ್‌ಸ್ಟನ್. ಅವರ ದೋಣಿ ನಮ್ಮ ಬೊಂಬಾಯಿಯಲ್ಲಿ ಸಾಗುವಾನಿಯಿಂದ ಕಟ್ಟಿದ್ದು. ಹೆಸರು ‘ಸುಹೈಲಿ’, ಇದೇ ಕೊಲ್ಲಿಯ ಅರಬ್ ನಾವಿಕರು ಆಗ್ನೇಯದಿಂದ ಬೀಸುವ ಗಾಳಿಗೆ ಕರೆಯುವ ಹೆಸರು. ಕಡಿಮೆ ದಿನದಲ್ಲಿ ಬಂದವರೂ ಅವರೇ ಆದ್ದರಿಂದ 5,000 ಪೌಂಡ್ ಅವರಿಗೇ ಬಂತು. ಅದನ್ನು ಪೂರ್ತಿಯಾಗಿ ಕ್ರೌಹರ್ಸ್ಟ್ ಅವರ ಹೆಂಡತಿ ಮಕ್ಕಳಿಗೆ ಕೊಟ್ಟುಬಿಟ್ಟರು. ಸುಳ್ಳು ಹೇಳಿದವನ ಮನೆಗೆ ಯಾಕೆ ಕೊಡಬೇಕು ಅಂತ ಲೆಕ್ಕ ಹಾಕಲಿಲ್ಲ.

ಬ್ಲೈತ್ ಕಡೆಗೆ ಬರೋಣ. ಸೋತು ಬಂದವರು ಸುಮ್ಮನೆ ಕೂರಲಿಲ್ಲ. ಈ ಸಲ ಗಾಳಿಗೆ ಎದುರಾಗಿ, ಅಂದರೆ ಪೂರ್ವದಿಂದ ಪಶ್ಚಿಮಕ್ಕೆ, ನಿಲ್ಲದೆ ಭೂಮಿ ಸುತ್ತುತ್ತೇನೆ ಅಂದರು. ಹಣ? ಬ್ರಿಟಿಷ್ ಸ್ಟೀಲ್ ಎಂಬ ಸರಕಾರಿ ಉಕ್ಕಿನ ಕಂಪೆನಿ ಕೊಟ್ಟಿತು. ದೋಣಿಯೂ ಉಕ್ಕಿನದ್ದೇ, 59 ಅಡಿ, ಹೆಸರೂ ‘ಬ್ರಿಟಿಷ್ ಸ್ಟೀಲ್’. ಕೊಟ್ಟವನಿಗೂ ಪ್ರಯೋಜನ, ತೆಗೆದುಕೊಂಡವನಿಗೂ ಪ್ರಯೋಜನ. ಸ್ಪಾನ್ಸರ್ ಅಂದ ಕೂಡಲೇ ನಮಗೆ ಕಫೀಲ್ ನೆನಪಾಗ್ತಾರೆ, ಇದು ಆ ಸ್ಪಾನ್ಸರ್ ಅಲ್ಲ. ಪಾಸ್‌ಪೋರ್ಟ್ ಇವರ ಕೈಯಲ್ಲೇ ಇತ್ತು! 1970ರ ಅಕ್ಟೋಬರಿನಲ್ಲಿ ಹೊರಟು 1971ರ ಆಗಸ್ಟ್ 6ಕ್ಕೆ ಬಂದರು, 292 ದಿನ. ಹಾಗೆ ಒಬ್ಬರೇ ಸುತ್ತಿದ ಮೊದಲಿಗರು. ತನ್ನಷ್ಟಕ್ಕೆ ದೋಣಿ ನಡೆಸುವ ಯಂತ್ರ ಕೇಪ್ ಹಾರ್ನ್ ಹತ್ತಿರ ಮುರಿದ ಮೇಲೆ ಚುಕ್ಕಾಣಿಗೆ ಕೈಯೇ ಗತಿ.

ಮುಂದಿನ ಇಪ್ಪತ್ತು ವರ್ಷದ ಸಾಹಸಗಳನ್ನು ಬೇಗ ಬೇಗ ಹೇಳಿ ಮುಗಿಸ್ತೇವೆ. ಪ್ಯಾರಾಶೂಟ್ ರೆಜಿಮೆಂಟಿನ ಹುಡುಗರನ್ನು ಕಟ್ಟಿಕೊಂಡು 1973-74ರ ವಿಟ್‌ಬ್ರೆಡ್ ಪಂದ್ಯಕ್ಕೆ ಹೋದರು. ಎಲ್ಲರಿಗಿಂತ ಕಡಿಮೆ ಸಮಯದಲ್ಲಿ ಸುತ್ತಿ ಬಂದರು, ಆದರೆ ಒಬ್ಬ ಹುಡುಗ ಸಮುದ್ರಪಾಲಾದ. 1984ರಲ್ಲಿ ಕೇಪ್ ಹಾರ್ನ್ ಹತ್ತಿರ ದೋಣಿ ಮಗುಚಿ, ಇವರೂ ಜೊತೆಗಾರರೂ 19 ಗಂಟೆ ನೀರಲ್ಲಿದ್ದು ಬದುಕಿದರು. ವರ್ಜಿನ್ ಕಂಪೆನಿಯ ರಿಚರ್ಡ್ ಬ್ರಾನ್ಸನ್ ಜೊತೆ ಅಟ್ಲಾಂಟಿಕ್ ದಾಟಲು ಹೋಗಿ 1985ರಲ್ಲಿ ಮುಳುಗಿ, 1986ರಲ್ಲಿ ಮತ್ತೆ ಹೋಗಿ ದಾಖಲೆ ಮಾಡಿದರು.

ನಮಗೆ ನಿಜವಾಗಿ ರುಚಿಸುವುದು 1989ರಲ್ಲಿ ಅವರು ಕಟ್ಟಿದ ‘ಚಾಲೆಂಜ್ ಬಿಸಿನೆಸ್’ ಎಂಬ ಕಂಪೆನಿ. ಮಾರುವ ಮಾಲು ಏನು ಗೊತ್ತುಂಟಾ? ಕಷ್ಟ! ದೋಣಿ ಹತ್ತಿ ಗೊತ್ತಿಲ್ಲದ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು, ತಾನು ಹೋದ ಅದೇ ಎದುರುಗಾಳಿಯ ದಾರಿಯಲ್ಲಿ ಭೂಮಿ ಸುತ್ತಿಸುವುದು. ಒಂದೇ ನಮೂನೆಯ ಹತ್ತು ಉಕ್ಕಿನ ದೋಣಿ, ಒಂದೊಂದು 67 ಅಡಿ. ಹಾಯಿ ನಡೆಸಬಲ್ಲ ನಾಯಕ ಒಬ್ಬ, ಉಳಿದವರೆಲ್ಲ ಹಣ ಕೊಟ್ಟು ಬಂದವರು, ತಲೆಗೆ ಸುಮಾರು 15 ಸಾವಿರ ಪೌಂಡ್. ಸಂಬಳ ಕೊಟ್ಟು ಕೆಲಸಗಾರರನ್ನು ಇಡುವುದು ಬಿಟ್ಟು, ಕೆಲಸಗಾರರಿಂದಲೇ ಹಣ ತೆಗೆದುಕೊಳ್ಳುವುದು. ನಮ್ಮ ಕೆಲವು ವೀಸಾ ಏಜೆಂಟರೂ ಇದನ್ನೇ ಮಾಡ್ತಾರೆ. ವ್ಯತ್ಯಾಸ ಇಷ್ಟೇ, ಇಲ್ಲಿ ಏನು ಕಷ್ಟ ಅಂತ ಮೊದಲೇ ಹೇಳುತ್ತಿದ್ದರು.

ಇದು ಒಂದು ಆದಾಯ. ಎರಡನೆಯದ್ದು, ದೋಣಿಗೊಂದು ಕಂಪೆನಿಯ ಹೆಸರು ಬರೆದು ಅವರಿಂದ ಹಣ. ಒಂದು ದೋಣಿಗೆ ಕೂಪರ್ಸ್ ಆ್ಯಂಡ್ ಲೈಬ್ರಾಂಡ್ ಎಂಬ ಆಡಿಟ್ ಕಂಪೆನಿಯ ಹೆಸರು. ನಮ್ಮವರೂ ಸಮುದ್ರಕ್ಕೆ ಇಳಿದಿದ್ದಾರೆ ಅಂತ ನಾವು ಹೆಮ್ಮೆ ಪಟ್ಟುಕೊಳ್ಳಬಹುದು. ಮೂರನೆಯದ್ದು, ಇಡೀ ಪಂದ್ಯಕ್ಕೇ ಹೆಸರು ಕೊಡುವ ದೊಡ್ಡ ಪ್ರಾಯೋಜಕ. 1992-93ರಲ್ಲಿ ಬ್ರಿಟಿಷ್ ಸ್ಟೀಲ್. 1996-97 ಮತ್ತು 2000-01ರಲ್ಲಿ ಬ್ರಿಟಿಷ್ ಟೆಲಿಕಾಂ. 1996ರ ಪಂದ್ಯದಲ್ಲಿ ಒಂದು ದೋಣಿ ಪೂರ್ತಿ ಅಂಗವಿಕಲರದ್ದೇ, ಅವರೂ ಭೂಮಿ ಸುತ್ತಿ ಬಂದರು. ಆ ಪಂದ್ಯದ ಜೊತೆಗೆ ಸೇವ್ ದ ಚಿಲ್ಡ್ರನ್ ಸಂಸ್ಥೆಗೆ ಹಣ ಎತ್ತಿದರು. 1997ರಲ್ಲಿ ಬ್ಲೈತ್ ಅವರಿಗೆ ‘ಸರ್’ ಪದವಿ ಬಂತು.

ಆದರೆ ಪೆಟ್ಟು ಬಿದ್ದದ್ದು ಮೂರನೆಯ ಆದಾಯಕ್ಕೇ. 2004-05ರ ಪಂದ್ಯಕ್ಕೆ ಹೆಸರು ಕೊಡುವ ಪ್ರಾಯೋಜಕ ಸಿಗಲಿಲ್ಲ. ಹೇಗೋ ನಡೆಸಿದರು. ಮುಂದಿನದ್ದಕ್ಕೂ ಸಿಗಲಿಲ್ಲ. 2006ರಲ್ಲಿ ಕಂಪೆನಿ ಬಾಗಿಲು ಹಾಕಿತು. ಕೇಪ್ ಹಾರ್ನ್ ಮುಳುಗಿಸದವರನ್ನು ಬ್ಯಾಲೆನ್ಸ್ ಶೀಟ್ ಮುಳುಗಿಸಿತು. ಊರಲ್ಲಿ ಏಳು ಜನ, ಇಲ್ಲಿ ಒಂದು ಸಂಬಳ ಎಂಬ ಮನೆಗಳ ಲೆಕ್ಕ ನಾವು ನೋಡುತ್ತಾ ಇರ್ತೇವೆ, ಹಾಗಾಗಿ ಈ ಭಾಗ ಓದುವಾಗ ಆಶ್ಚರ್ಯ ಆಗಲಿಲ್ಲ.

ಒಬ್ಬರು ಆಗಲೇ ಕಿವಿಯಲ್ಲಿ ಕೇಳಿದರು, ಮಕ್ಕಳಿಗೆ ಕೊಡುವುದಾದರೆ ಸುಮ್ಮನೆ ಕೊಡಬಹುದಲ್ಲ, ಸಮುದ್ರ ಯಾಕೆ ಸುತ್ತಬೇಕು ಅಂತ. ಸರಿಯಾದ ಪ್ರಶ್ನೆಯೇ. ಜನ ಕಾಗದ ನೋಡಿ ಕೊಡುವುದಕ್ಕಿಂತ ಮುಖ ನೋಡಿ ಕೊಡುವುದು ಹೆಚ್ಚು, ಅದಕ್ಕೆ. ಆದರೆ ನಮ್ಮದೊಂದು ಷರತ್ತು ಉಂಟು. ಸಾಹಸದ ಖರ್ಚು ಬೇರೆ ಚೀಲದಿಂದ ಬರಬೇಕು. ಮಗುವಿಗೆ ಅಂತ ಕೊಟ್ಟ ಹಣ ಹಗ್ಗಕ್ಕೆ, ಹಾಯಿಗೆ ಹೋಗಬಾರದು. ಇವತ್ತಿನ ಬಿರಿಯಾನಿಯ ಖರ್ಚು ಕೂಡ ವೈದ್ಯಕೀಯ ನಿಧಿಯ ಪುಸ್ತಕದಲ್ಲಿ ಇಲ್ಲ, ಬೇಕಾದರೆ ನೋಡಿಕೊಳ್ಳಿ.

ಕಂಪೆನಿ ಹೋಯಿತು, ಆದರೆ ಬ್ಲೈತ್ ಶುರು ಮಾಡಿದ ಇನ್ನೊಂದು ಪಂದ್ಯ ಉಳಿಯಿತು. 1966ರ ತಮ್ಮ ಹುಟ್ಟುಹಾಕುವ ಹುಚ್ಚನ್ನೇ ಅವರು 1997ರಲ್ಲಿ ಪಂದ್ಯ ಮಾಡಿದ್ದರು. ಟೆನೆರೀಫ್‌ನಿಂದ ಬಾರ್ಬಡೋಸ್‌ಗೆ, ದೋಣಿಗೆ ಇಬ್ಬರಂತೆ 30 ದೋಣಿ. ಆಮೇಲೆ ಅದು ಬೇರೆಯವರ ಕೈಗೆ ಹೋಗಿ, ದಾರಿ ಬದಲಾಗಿ, ಹೆಸರೂ ಬದಲಾಯಿತು. ದಾನಕ್ಕಾಗಿ ಹುಟ್ಟು ಹಾಕುವವರೇ ಅದರಲ್ಲಿ ಬಹಳ. 2016ರಲ್ಲಿ ಸೇನೆಯಲ್ಲಿ ದುಡಿದ ನಾಲ್ವರು ಆ ದಾರಿಯಲ್ಲಿ 46 ದಿನ ಹುಟ್ಟು ಹಾಕಿ ಆಂಟಿಗುವಾ ಮುಟ್ಟಿದರು, ಗಾಯಗೊಂಡ ಸೈನಿಕರಿಗಾಗಿ. ನಾಲ್ವರಿಗೂ ಸೇರಿ ಇದ್ದ ಕಾಲು ಮೂರು.

ಊಟ ಬಂತು ಅಂತ ಕಾಕ ಸನ್ನೆ ಮಾಡ್ತಾ ಇದ್ದಾರೆ. ಮಾತು ನಿಲ್ಲಿಸ್ತೇವೆ. ನಾವು ಕೊನೆಯ ಮೇಜಿನಲ್ಲಿ ಇರ್ತೇವೆ, ಪೆನ್ನು ಕಾಗದ ತಂದಿದ್ದೇವೆ.