ನಾರ್ವೆಯ ಗಂಜಿ ಜಗಳ

(ರೈತರ ಹಾಗೂ ವಿಸ್ತರಣಾ ಕಾರ್ಯಕರ್ತರ ಶಿಬಿರದಲ್ಲಿ ಮಾಡಿದ ಭಾಷಣ)



ಸ್ಕ್ಯಾಂಡಿನೇವಿಯಾ ದೇಶಗಳ ಜನ, ಅವರ ಭಾಷೆ, ಊಟ, ಜನಪದ ಕಥೆ ಇವುಗಳ ಬಗ್ಗೆ ಮಾತನಾಡಬೇಕೆಂದು ಈ ಶಿಬಿರದ ವ್ಯವಸ್ಥಾಪಕರು ನನಗೆ ಹೇಳಿದ್ದಾರೆ. ನಾರ್ವೆ, ಸ್ವೀಡನ್, ಡೆನ್ಮಾರ್ಕ್ ಮೂರನ್ನೂ ಒಂದೇ ಉಸಿರಿನಲ್ಲಿ ಸುತ್ತಿ ಬಂದರೆ ಯಾವುದೂ ಮನಸ್ಸಿನಲ್ಲಿ ನಿಲ್ಲಲಾರದು. ಆದ್ದರಿಂದ ನಾರ್ವೆಯ ಒಂದು ಗಂಜಿ ಪಾತ್ರೆಯ ಮುಂದೆ ಕುಳಿತು ನನಗೆ ಕಂಡಷ್ಟನ್ನು ಹೇಳುತ್ತೇನೆ. ಈ ಗಂಜಿಯ ವಿಷಯವಾಗಿ 1864ರಿಂದ 1866ರವರೆಗೆ ಆ ದೇಶದ ವಿದ್ವಾಂಸರು ಪತ್ರಿಕೆಗಳಲ್ಲಿ ಬಹಿರಂಗವಾಗಿ ಜಗಳವಾಡಿದರು. ಅಲ್ಲಿಯ ಚರಿತ್ರೆಯಲ್ಲಿ ಅದಕ್ಕೆ ಗಂಜಿ ಜಗಳವೆಂದೇ ಹೆಸರು. ಕೇಳಿದರೆ ನಗು ಬರುತ್ತದೆ. ಆದರೆ ವಿಸ್ತರಣಾ ಕೆಲಸ ಮಾಡುವ ನಮಗೆ ಅದು ಬರಿಯ ನಗುವ ವಿಷಯವಲ್ಲ.

ಮೊದಲು ನೆಲದ ಮಾತು. ನಾರ್ವೆಯಲ್ಲಿ ಉಳುವ ಭೂಮಿ ಒಟ್ಟು ವಿಸ್ತೀರ್ಣದ ಸುಮಾರು ಶೇಕಡ 3 ಮಾತ್ರ. ಉಳಿದದ್ದು ಬೆಟ್ಟ, ಕಾಡು, ಬಂಡೆ, ಹಿಮ. ಬೆಳೆ ಬೆಳೆಯುವ ಕಾಲ ತೀರ ಕಡಿಮೆ. ಗೋಧಿ ಬೆಳೆಯುವುದು ಬಹುಭಾಗದಲ್ಲಿ ಕಷ್ಟ. ಹೀಗಾಗಿ ಅಲ್ಲಿಯ ರೈತನಿಗೆ ಬಾರ್ಲಿ ಮತ್ತು ಓಟ್ಸ್ ಎಂದರೆ ನಮ್ಮ ಬಯಲುಸೀಮೆಗೆ ರಾಗಿ ಇದ್ದ ಹಾಗೆ. ಹಳ್ಳದ ನೀರಿನಿಂದ ತಿರುಗುವ ಪುಟ್ಟ ಗಿರಣಿಯಲ್ಲಿ ಹಿಟ್ಟು ಬೀಸುತ್ತಿದ್ದರು. ಕಾಗದದಷ್ಟು ತೆಳುವಾದ ಒಣ ರೊಟ್ಟಿಯನ್ನು ವರ್ಷಕ್ಕೆ ಒಂದೆರಡು ಸಲ ರಾಶಿ ರಾಶಿಯಾಗಿ ಸುಟ್ಟು ಪೇರಿಸಿಡುತ್ತಿದ್ದರು. ಅದನ್ನು ಇಡುವ ಉಗ್ರಾಣವನ್ನು ಇಲಿ ಹತ್ತದಂತೆ ಗಿಡ್ಡ ಕಂಬಗಳ ಮೇಲೆ ಎತ್ತರಿಸಿ ಕಟ್ಟುತ್ತಿದ್ದರು.

ದಿನದ ಊಟಕ್ಕೆ ಗಂಜಿ. ಅದಕ್ಕೆ ಹಳ್ಳಿಯ ಮಾತಿನಲ್ಲಿ ಗ್ರೌಟ್ ಎಂದು ಹೆಸರು. ನಮ್ಮ ಅಂಬಲಿಗಿಂತ ಗಟ್ಟಿ, ಮುದ್ದೆಗಿಂತ ಸಡಿಲ. ಪೈನ್ ಮರದ ತುದಿಯನ್ನು ಕಡಿದು, ಸುತ್ತಲಿನ ಗೆಲ್ಲುಗಳನ್ನು ಮೋಟಾಗಿ ಉಳಿಸಿ, ನಮ್ಮ ಕಡೆಗೋಲಿನಂಥ ಸಾಧನ ಮಾಡಿಕೊಳ್ಳುತ್ತಿದ್ದರು. ಕುದಿಯುವ ನೀರಿಗೆ ಹಿಟ್ಟು ಹಾಕಿ ಅದರಿಂದ ತೊಳಸಿ ಬೇಯಿಸುವುದು, ಪಾತ್ರೆಯನ್ನು ಒಲೆಯಿಂದ ಇಳಿಸಿದ ಮೇಲೆ ಮತ್ತೆ ಒಂದೆರಡು ಹಿಡಿ ಹಸಿ ಹಿಟ್ಟನ್ನು ಹಾಕಿ ಕಲಸಿ ಗಟ್ಟಿ ಮಾಡುವುದು, ಇದು ಅಲ್ಲಿಯ ಹೆಂಗಸರ ಪದ್ಧತಿ. ಕೊನೆಯಲ್ಲಿ ಹಾಕುವ ಈ ಹಿಡಿ ಹಿಟ್ಟನ್ನು ನೆನಪಿನಲ್ಲಿಡಿ. ಜಗಳವೆಲ್ಲ ಅದರದೇ.

ಗಂಜಿಗೆ ಆ ಜನರ ಬದುಕಿನಲ್ಲಿ ಎಂಥ ಸ್ಥಾನವಿತ್ತೆಂಬುದು ಅವರ ಕಥೆಗಳಿಂದ ತಿಳಿಯುತ್ತದೆ. ಒಂದು ಕಥೆಯಲ್ಲಿ ಸಾಲದಲ್ಲಿ ಮುಳುಗಿದ ಒಬ್ಬ ಮುದುಕ ರೈತ, ಅವನಿಗೆ ಮೂವರು ಮಕ್ಕಳು. ಕಾಡು ಕಡಿದು ಸಾಲ ತೀರಿಸೋಣವೆಂದರೆ ಕಾಡಿನಲ್ಲಿ ಟ್ರೋಲ್ ಎಂಬ ರಾಕ್ಷಸ. ಹಿರಿಯರಿಬ್ಬರು ಹೆದರಿ ಓಡಿ ಬರುತ್ತಾರೆ. ಸದಾ ಒಲೆಯ ಬೂದಿ ಕೆದಕುತ್ತ ಕೂರುವ ಕಿರಿಯವನು ಹೋಗಿ, ರಾಕ್ಷಸನೊಡನೆ ಗಂಜಿ ಉಣ್ಣುವ ಪಂದ್ಯ ಕಟ್ಟುತ್ತಾನೆ. ಹೊಟ್ಟೆಯ ಮುಂದೆ ಚೀಲ ಕಟ್ಟಿಕೊಂಡು ಗಂಜಿಯನ್ನೆಲ್ಲ ಅದಕ್ಕೆ ಸುರಿಯುತ್ತಾನೆ. ಚೀಲ ತುಂಬಿದಾಗ ಚಾಕುವಿನಿಂದ ಅದನ್ನು ಸೀಳಿ, ಹೀಗೆ ಮಾಡಿಕೊಂಡರೆ ಎಷ್ಟು ಬೇಕಾದರೂ ಉಣ್ಣಬಹುದೆಂದು ಹೇಳುತ್ತಾನೆ. ದಡ್ಡ ರಾಕ್ಷಸ ತನ್ನ ಹೊಟ್ಟೆಯನ್ನೇ ಸೀಳಿಕೊಂಡು ಸಾಯುತ್ತಾನೆ. ಅವನ ಬೆಳ್ಳಿ ಬಂಗಾರದಿಂದ ತಂದೆಯ ಸಾಲ ತೀರುತ್ತದೆ.

ಇನ್ನೊಂದು ನಿಸ್ಸೆಯ ಕಥೆ. ನಿಸ್ಸೆ ಎಂದರೆ ಕೊಟ್ಟಿಗೆಯಲ್ಲಿ ವಾಸಿಸುವ, ಮಗುವಿನಷ್ಟೇ ಎತ್ತರದ, ಕೆಂಪು ಟೋಪಿಯ ಮುದುಕ. ಸ್ವೀಡನ್ನಿನಲ್ಲಿ ಇವನನ್ನೇ ತೋಮ್ತೆ ಎನ್ನುತ್ತಾರೆ. ಆ ಜಮೀನನ್ನು ಮೊಟ್ಟಮೊದಲು ಹಸನು ಮಾಡಿದವನ ಆತ್ಮವೇ ಇವನೆಂದು ಕೆಲವೆಡೆ ನಂಬಿಕೆ. ದನ, ಕುದುರೆಗಳನ್ನು ಚೆನ್ನಾಗಿ ನೋಡಿಕೊಳ್ಳುವವರ ಮನೆಯಲ್ಲಿ ಇವನು ರಾತ್ರಿ ಹೊತ್ತು ಕೆಲಸ ಮಾಡಿಕೊಡುತ್ತಾನೆ. ಅದಕ್ಕೆ ಪ್ರತಿಯಾಗಿ ಕ್ರಿಸ್‌ಮಸ್ ಹಿಂದಿನ ರಾತ್ರಿ ಒಂದು ಬಟ್ಟಲು ಗಂಜಿ, ಮೇಲೊಂದು ಗಡ್ಡೆ ಬೆಣ್ಣೆ ಇಡಲೇಬೇಕು. ಒಮ್ಮೆ ಒಬ್ಬ ಹುಡುಗಿ ತಮಾಷೆಗೆಂದು ಬೆಣ್ಣೆಯನ್ನು ಗಂಜಿಯ ತಳದಲ್ಲಿ ಬಚ್ಚಿಟ್ಟಳಂತೆ. ಬೆಣ್ಣೆ ಕಾಣದ ನಿಸ್ಸೆ ಸಿಟ್ಟಿನಿಂದ ಆ ಮನೆಯ ಒಳ್ಳೆಯ ಹಸುವನ್ನು ಕೊಂದುಬಿಟ್ಟ. ಆಮೇಲೆ ಹಸಿವಾಗಿ ಗಂಜಿ ಉಣ್ಣಲು ಕುಳಿತರೆ ತಳದಲ್ಲಿ ಬೆಣ್ಣೆ! ಪಶ್ಚಾತ್ತಾಪಪಟ್ಟು, ಅಂಥದೇ ಬಣ್ಣದ ಮತ್ತೊಂದು ಹಸುವನ್ನು ಎಲ್ಲಿಂದಲೋ ತಂದು ಕಟ್ಟಿದ. ಆ ಇನ್ನೊಂದು ಹಸುವಿನ ಒಡೆಯನ ಗತಿ ಏನಾಯಿತೆಂದು ಕಥೆ ಹೇಳುವವರು ಯೋಚಿಸಿದಂತೆ ಕಾಣುವುದಿಲ್ಲ.

ಇಂಥ ಕಥೆಗಳನ್ನು ಸಂಗ್ರಹಿಸಿದವರಲ್ಲಿ ಮುಖ್ಯರು ಪೆಟರ್ ಕ್ರಿಸ್ಟೆನ್ ಆಸ್‌ಬ್ಯೋರ್ನ್‌ಸೆನ್ ಮತ್ತು ಯೋರ್ಗನ್ ಮೂ. ಇವರ ಸಂಗ್ರಹ 1841ರಿಂದ ಬಿಡಿ ಭಾಗಗಳಾಗಿ ಹೊರಬಂದಿತು. ಅದರ ಮಹತ್ವ ತಿಳಿಯಬೇಕಾದರೆ ಭಾಷೆಯ ಪರಿಸ್ಥಿತಿಯನ್ನು ಸ್ವಲ್ಪ ಹೇಳಬೇಕು. ಡೇನಿಷ್, ಸ್ವೀಡಿಷ್, ನಾರ್ವೇಜಿಯನ್ ಒಂದೇ ತಾಯಿಯ ಮಕ್ಕಳು. ಮೂರು ದೇಶದವರು ತಂತಮ್ಮ ಭಾಷೆಯಲ್ಲೇ ಮಾತನಾಡಿದರೂ ಬಹುಮಟ್ಟಿಗೆ ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯುತ್ತದೆ. ಸಂಸ್ಕೃತಕ್ಕೂ ಇವಕ್ಕೂ ದೂರದ ನಂಟುಂಟು: ನಾರ್ವೆಯವರು ಹಸುವಿಗೆ ಕು ಎನ್ನುತ್ತಾರೆ, ಅದು ಗೋ ಶಬ್ದದ ಬಂಧು, ಎತ್ತಿಗೆ ಓಕ್ಸೆ ಎನ್ನುತ್ತಾರೆ, ಅದು ಉಕ್ಷ ಶಬ್ದದ ಬಂಧು. ರೈತನಿಗೆ ಮೂರೂ ಕಡೆ ಬೋಂಡೆ ಎಂದು ಹೆಸರು. ಚದುರಂಗದ ಕಾಲಾಳನ್ನೂ ಅವರು ಬೋಂಡೆ ಎಂದೇ ಕರೆಯುವುದು ನನಗೆ ಅಷ್ಟು ಹಿಡಿಸಲಿಲ್ಲ.

ನಾರ್ವೆ ನಾಲ್ಕು ಶತಮಾನಕ್ಕೂ ಹೆಚ್ಚು ಕಾಲ, 1814ರವರೆಗೆ, ಡೆನ್ಮಾರ್ಕಿನ ರಾಜರ ಕೆಳಗಿತ್ತು. ಕಚೇರಿ, ಚರ್ಚು, ಶಾಲೆ ಎಲ್ಲೆಡೆ ಬರಹ ಡೇನಿಷ್. ಹಳ್ಳಿಯ ಮಾತು ಒರಟೆಂದು ಪೇಟೆಯವರ ತಾತ್ಸಾರ. ಈವಾರ್ ಓಸೆನ್ ಎಂಬ ರೈತನ ಮಗ 1842ರಿಂದ ಕಣಿವೆ ಕಣಿವೆ ಅಲೆದು, ರೈತರ ಆಡುಮಾತುಗಳನ್ನು ಕೂಡಿಸಿ, ವ್ಯಾಕರಣ ಮತ್ತು ನಿಘಂಟು ರಚಿಸಿದ. ಅದರ ಮೇಲೆ ಕಟ್ಟಿದ ಬರಹದ ಭಾಷೆಗೆ 1885ರಲ್ಲಿ ಅಲ್ಲಿಯ ಸಂಸತ್ತು ಸಮಾನ ಸ್ಥಾನ ಕೊಟ್ಟಿತು. ಇಂದಿಗೂ ನಾರ್ವೇಜಿಯನ್ ಭಾಷೆಗೆ ಬರಹದಲ್ಲಿ ಎರಡು ಅಧಿಕೃತ ರೂಪಗಳಿವೆ. ಆಸ್‌ಬ್ಯೋರ್ನ್‌ಸೆನ್ ಹಿಡಿದದ್ದು ಬೇರೆ ದಾರಿ. ಬರಹ ಡೇನಿಷ್ ಮಾದರಿಯದಾದರೂ, ಹಳ್ಳಿಗರ ಮಾತಿನ ಧಾಟಿಯನ್ನು ಅದರೊಳಕ್ಕೆ ತಂದ. ಹೀಗೆ ಹಳ್ಳಿಗರ ಬಾಯಿಮಾತಿಗೆ ಕಿವಿಗೊಟ್ಟ ಮನುಷ್ಯ ಅವನು.

ಅದೇ ಮನುಷ್ಯ ಅದೇ ಹಳ್ಳಿಯ ಹೆಂಗಸರ ಅಡುಗೆಗೆ ಕಿವಿಗೊಡಲಿಲ್ಲ.

ಆಸ್‌ಬ್ಯೋರ್ನ್‌ಸೆನ್ ವಿಜ್ಞಾನಿಯೂ ಹೌದು. ಸಮುದ್ರಜೀವಿಗಳನ್ನು ಅಭ್ಯಾಸ ಮಾಡಿದವನು, ಅರಣ್ಯಾಧಿಕಾರಿಯಾಗಿ ಕೆಲಸ ಮಾಡಿದವನು. ಆ ಕಾಲದಲ್ಲಿ ಜರ್ಮನಿಯ ಲೀಬಿಗ್ ಎಂಬ ರಸಾಯನಶಾಸ್ತ್ರಜ್ಞನ ಹೆಸರು ಯೂರೋಪಿನಲ್ಲೆಲ್ಲ ದೊಡ್ಡದು. ಗೊಬ್ಬರದ ಶಾಸ್ತ್ರ ಓದಿದವರಿಗೆ ಅವನ ಪರಿಚಯವಿರುತ್ತದೆ. ಲೀಬಿಗ್‌ನ ಪ್ರಭಾವಕ್ಕೆ ಒಳಗಾದ ಆಸ್‌ಬ್ಯೋರ್ನ್‌ಸೆನ್ 1864ರಲ್ಲಿ ಕ್ಲೆಮೆನ್ಸ್ ಬೊನಿಫಾಸಿಯುಸ್ ಎಂಬ ಗುಪ್ತನಾಮದಿಂದ ವಿವೇಕದ ಅಡುಗೆಯ ಬಗ್ಗೆ ಒಂದು ಪುಸ್ತಕ ಬರೆದ. ಕೊನೆಯಲ್ಲಿ ಹಾಕುವ ಹಸಿ ಹಿಟ್ಟು ಬೇಯುವುದಿಲ್ಲ, ಬೇಯದ ಹಿಟ್ಟು ಮೈಗೆ ಹತ್ತದೆ ಹಾಗೆಯೇ ಹೊರಗೆ ಹೋಗುತ್ತದೆ, ಅಷ್ಟು ಧಾನ್ಯ ದೇಶಕ್ಕೆ ನಷ್ಟ ಎಂಬುದು ಅವನ ವಾದ. ಮನೆಮನೆಯ ಹಿಡಿ ಹಿಟ್ಟನ್ನು ಕೂಡಿಸಿ ನೋಡಿದರೆ ನಷ್ಟದ ಮೊತ್ತ ದೊಡ್ಡದಾಗಿ ಕಾಣುವುದು ಸಹಜ.

ಈ ಆಪಾದನೆ ಎಷ್ಟು ಕಠಿಣವೆಂಬುದನ್ನು ಯೋಚಿಸಬೇಕು. 1865ರ ಜನಗಣತಿಯಲ್ಲಿ ನಾರ್ವೆಯ ಜನಸಂಖ್ಯೆ ಸುಮಾರು 17 ಲಕ್ಷ. ಬಡ ದೇಶ. 1807ರ ನಂತರದ ಯುದ್ಧಕಾಲದಲ್ಲಿ ಬ್ರಿಟಿಷ್ ನೌಕಾಪಡೆ ಧಾನ್ಯದ ಹಡಗುಗಳನ್ನು ತಡೆದಾಗ ಜನ ಮರದ ತೊಗಟೆಯನ್ನು ಪುಡಿಮಾಡಿ ಹಿಟ್ಟಿಗೆ ಬೆರೆಸಿ ರೊಟ್ಟಿ ತಿಂದಿದ್ದರು. ಆ ದಿನಗಳನ್ನು ಕಂಡ ಅಜ್ಜಿಯರು ಇನ್ನೂ ಬದುಕಿದ್ದರು. ಅಂಥ ಮನೆಯ ಹೆಂಗಸಿಗೆ, ನೀನು ದಿನವೂ ಹಿಟ್ಟನ್ನು ಹಾಳುಮಾಡುತ್ತೀಯೆ ಎಂದು ಪೇಟೆಯ ವಿದ್ವಾಂಸ ಅಚ್ಚುಹಾಕಿಸಿ ಹೇಳಿದಂತಾಯಿತು.

ಹೆಂಗಸರ ಪರವಾಗಿ ಎದ್ದು ನಿಂತವನು ಐಲರ್ಟ್ ಸುಂಟ್. ದೇವಶಾಸ್ತ್ರ ಓದಿದವನು. ಸಂಸತ್ತಿನ ಧನಸಹಾಯದಿಂದ 1850ರಿಂದ ಸುಮಾರು ಎರಡು ದಶಕ ದೇಶ ಸುತ್ತಿ, ಕೂಲಿಕಾರರು, ಅಲೆಮಾರಿಗಳು, ಮದುವೆ, ಸಾವು, ಮನೆಯ ಶುಚಿತ್ವ ಇವುಗಳ ಲೆಕ್ಕ ಹಿಡಿದವನು. ಜನಶಿಕ್ಷಣಕ್ಕಾಗಿದ್ದ ಒಂದು ಪತ್ರಿಕೆಯ ಸಂಪಾದಕನೂ ಆಗಿದ್ದ. ಅದರಲ್ಲೇ ಅವನು ಉತ್ತರ ಕೊಟ್ಟ. ಅವನ ವಾದದ ತಿರುಳು ಇಷ್ಟು: ತಲೆತಲಾಂತರದಿಂದ ಸಾವಿರಾರು ಮನೆಗಳಲ್ಲಿ, ಹಿಟ್ಟಿನ ಬೆಲೆ ಬಲ್ಲ ಕೈಗಳು ನಡೆಸಿಕೊಂಡು ಬಂದ ಪದ್ಧತಿಗೆ ಅನುಭವದ ಆಧಾರ ಇರಬೇಕು. ಅದನ್ನು ಮೂರ್ಖತನವೆನ್ನುವ ಮೊದಲು ಅವರನ್ನೇ ಕೇಳಬೇಕು.

ಸುಂಟ್ ಹೀಗೆ ಯೋಚಿಸಿದ್ದು ಗಂಜಿಯ ವಿಷಯದಲ್ಲಿ ಮಾತ್ರವಲ್ಲ. ಡಾರ್ವಿನ್ ಗ್ರಂಥ 1859ರಲ್ಲಿ ಬಂದಿತ್ತಷ್ಟೆ. 1865ರಲ್ಲಿ ಸುಂಟ್ ಉತ್ತರ ನಾರ್ವೆಯ ಮೀನುಗಾರರ ದೋಣಿಗಳ ಬಗ್ಗೆ ಬರೆಯುತ್ತ ಅದೇ ತತ್ತ್ವವನ್ನು ಅನ್ವಯಿಸಿದ. ಬಡಗಿ ಹಳೆಯ ದೋಣಿಯಂತೆಯೇ ಹೊಸದನ್ನು ಕಟ್ಟುತ್ತೇನೆಂದರೂ ಸ್ವಲ್ಪ ವ್ಯತ್ಯಾಸ ಆಗಿಯೇ ಆಗುತ್ತದೆ. ಸಮುದ್ರದಲ್ಲಿ ಯಾವುದು ಚೆನ್ನಾಗಿ ನಡೆಯಿತೋ ಜನ ಅದನ್ನು ಮೆಚ್ಚಿ ಅದರಂತೆ ಮತ್ತೊಂದು ಕಟ್ಟಿಸುತ್ತಾರೆ. ಹೀಗೆ ನಕ್ಷೆಯಿಲ್ಲದೆ ದೋಣಿ ಸುಧಾರಿಸುತ್ತ ಹೋಗುತ್ತದೆ. ಕಣದಲ್ಲಿ ಒಳ್ಳೆಯ ತೆನೆ ಆರಿಸಿ ಬೀಜಕ್ಕೆ ಎತ್ತಿಡುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಹಿಟ್ಟಿನ ವಿಷಯಕ್ಕೆ ಬರೋಣ. ಇಬ್ಬರಲ್ಲಿ ಯಾರು ಸರಿ? ಬಾರ್ಲಿ, ಓಟ್ಸ್ ಪಿಷ್ಟದ ಕಣಗಳು ನೀರಿನಲ್ಲಿ ಸುಮಾರು 50ರಿಂದ 65 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಉಬ್ಬಿ ಅಂಟಾಗುತ್ತವೆ. ಒಲೆಯಿಂದ ಆಗತಾನೆ ಇಳಿಸಿದ ಗಂಜಿಯ ಶಾಖ ಇದಕ್ಕಿಂತ ಬಹಳ ಹೆಚ್ಚು. ಆದ್ದರಿಂದ ಕೊನೆಯಲ್ಲಿ ಹಾಕಿದ ಹಿಟ್ಟಿನ ಹೆಚ್ಚಿನ ಭಾಗ ಪಾತ್ರೆಯಲ್ಲೇ ಬೆಂದುಹೋಗುತ್ತದೆ. ಗಂಟಿನೊಳಗೆ ಹಸಿಯಾಗಿ ಉಳಿದದ್ದೂ ವ್ಯರ್ಥವಲ್ಲ. ಹಸಿ ಆಲೂಗೆಡ್ಡೆ ಮತ್ತು ಬಾಳೆಕಾಯಿಯ ಪಿಷ್ಟ ಸುಲಭವಾಗಿ ಜೀರ್ಣವಾಗದು, ನಿಜ. ಆದರೆ ಏಕದಳ ಧಾನ್ಯಗಳ ಹಸಿ ಪಿಷ್ಟ ನಿಧಾನವಾಗಿಯಾದರೂ ಕರುಳಿನಲ್ಲಿ ಬಹುಪಾಲು ಜೀರ್ಣವಾಗುತ್ತದೆ. ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯನ್ನು ಬಿಡುಗಡೆ ಮಾಡಲಾಗದ ಒಂದು ಹುಟ್ಟುದೋಷವಿದೆ. ಅಂಥ ಮಕ್ಕಳಿಗೆ ರಾತ್ರಿಯೆಲ್ಲ ರಕ್ತದ ಸಕ್ಕರೆ ಇಳಿಯದಂತೆ ಕಾಪಾಡಲು ವೈದ್ಯರು 1980ರ ದಶಕದಿಂದ ಕೊಡುತ್ತಿರುವುದು ಬೇಯಿಸದ ಮೆಕ್ಕೆಜೋಳದ ಪಿಷ್ಟವನ್ನೇ. ಅದು ಮೈಗೆ ಹತ್ತುವುದರಿಂದಲೇ ಈ ಚಿಕಿತ್ಸೆ ನಡೆಯುತ್ತದೆ.

ಆದ್ದರಿಂದ ಹಿಟ್ಟು ಹಾಳಾಗುತ್ತಿರಲಿಲ್ಲ. ಆಸ್‌ಬ್ಯೋರ್ನ್‌ಸೆನ್‌ನನ್ನು ಈ ಕಾರಣಕ್ಕೆ ಜರೆಯಲು ನನಗೆ ಮನಸ್ಸಿಲ್ಲ. ಅಡುಗೆಯಲ್ಲಿ ಪೋಷಕಾಂಶ ಎಷ್ಟು ಉಳಿಯುತ್ತದೆಂದು ಕೇಳಿದ್ದು ಒಳ್ಳೆಯ ಪ್ರಶ್ನೆಯೇ. ಪ್ರಶ್ನೆಯನ್ನು ತೀರ್ಪಿನಂತೆ ಬರೆದದ್ದು ಅವನ ತಪ್ಪು. ಗಂಜಿಯ ತಳ ನೋಡದೆ ಹಸುವನ್ನು ಕೊಂದ ನಿಸ್ಸೆಯ ಕಥೆ ಅವನಿಗಿಂತ ಚೆನ್ನಾಗಿ ಬಲ್ಲವರು ನಾರ್ವೆಯಲ್ಲಿ ಯಾರಿದ್ದರು! ಇತ್ತ ಸುಂಟ್‌ಗೆ ಬರುತ್ತಿದ್ದ ಧನಸಹಾಯ 1869ರಲ್ಲಿ ನಿಂತಿತು. ಗಂಜಿ ಜಗಳವೇ ಇದಕ್ಕೆ ಕಾರಣವೆನ್ನಲಾಗದು. ಅವನು ಐಡ್ಸ್‌ವೋಲ್ ಎಂಬಲ್ಲಿ ಪಾದ್ರಿಯಾಗಿ ಹೋಗಿ 1875ರಲ್ಲಿ ತೀರಿಕೊಂಡ.

ನನ್ನದೂ ಒಂದು ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಹಳ್ಳಿಗೆ ಹೋಗಿದ್ದೆ. ರಾಗಿ ಹೊಲದ ಅಂಚಿನ ಸುತ್ತ ಹುಚ್ಚೆಳ್ಳು ಹಾಕಿದ್ದರು. ಇಷ್ಟು ಜಾಗ ಏಕೆ ದಂಡ ಮಾಡುತ್ತೀರಿ, ಅಂಚಿನವರೆಗೂ ರಾಗಿಯನ್ನೇ ಹಾಕಿ ಎಂದು ಊರಿನಲ್ಲೆಲ್ಲ ಹೇಳಿ ಬಂದೆ. ಮರುವರ್ಷ ಅದೇ ಊರಿಗೆ ಹೋದಾಗ ಆ ಹೊಲದ ಅಂಚಿನಲ್ಲಿ ಮತ್ತೆ ಹುಚ್ಚೆಳ್ಳು ಹಳದಿಯಾಗಿ ಹೂ ಬಿಟ್ಟಿತ್ತು. ಕಳೆ ಕೀಳುತ್ತಿದ್ದ ಅಜ್ಜಿಯನ್ನು ಈ ಸಲ ಕಾರಣ ಕೇಳಿದೆ. "ದಾರಿ ಮೇಲೆ ಹೋಗೋ ದನ ಹುಚ್ಚೆಳ್ಳಿಗೆ ಬಾಯಿ ಹಾಕ್ತವಾ ಸ್ವಾಮಿ?" ಎಂದು ಆಕೆ ನನ್ನನ್ನೇ ಕೇಳಿದರು. ಆಮೇಲೆ ಪಕ್ಕದ ಹೊಲದ ಕಡೆ ಕೈ ತೋರಿಸಿದರು. ಅದರ ಅಂಚಿನಲ್ಲಿ ಮೂರು ನಾಲ್ಕು ಸಾಲು ರಾಗಿಯನ್ನು ದನಗಳು ಬುಡದವರೆಗೆ ಮೇಯ್ದಿದ್ದವು. ಅದು ನನ್ನ ಮಾತು ಕೇಳಿದವರ ಹೊಲ.